ತೊಟ್ಟಿಲು ಹಿಡಿಯುವ ಕಾರು

ಓಡುವ ಎತ್ತು ಬೇರೆ, ಎಳೆಯುವ ಎತ್ತು ಬೇರೆ ಎಂಬುದು ಧಾರವಾಡ ಜಿಲ್ಲೆಯ ಎರೆಯ ಸೀಮೆಯಲ್ಲಿ ಯಾರೂ ಕಲಿಸದೆ ಬರುವ ವಿದ್ಯೆ. ಖಿಲಾರಿಯ ಮೈ ಬಿಗಿ, ನಡೆ ಚುರುಕು. ಸವಾರಿ ಗಾಡಿಗೆ ಅದೇ ಭೂಷಣ. ಕೃಷ್ಣಾ ತೀರದ ತಳಿಯಾದರೋ ಭಾರಿ ಮೈಯ, ನಿಧಾನ ನಡೆಯ ಪ್ರಾಣಿ. ಕಾಲು ಹೂಳುವ ಕರಿಮಣ್ಣಿನಲ್ಲಿ ನೇಗಿಲು ಎಳೆಯಲೆಂದೇ ಬೆಳೆಸಿದ್ದು. ಕಾರ ಹುಣ್ಣಿಮೆಯ ಸಂಜೆ ಮಾತ್ರ ಈ ಭೇದವನ್ನು ಯಾರೂ ಎಣಿಸುವುದಿಲ್ಲ. ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಬೆನ್ನಿಗೆ ಜೂಲ ಹಾಕಿಸಿಕೊಂಡು, ಹೊಲದಲ್ಲಿ ದುಡಿಯುವ ಎತ್ತುಗಳೇ ಅಗಸಿಯಲ್ಲಿ ಕಟ್ಟಿದ ಕರಿಯನ್ನು ಹರಿಯಲು ಓಡುತ್ತವೆ. ಬಿಳಿಯದು ಮುಂದಾಯಿತೋ ಕೆಂದದು ಮುಂದಾಯಿತೋ ನೋಡಿ ಆ ವರ್ಷ ಯಾವ ಬೆಳೆ ಚೆನ್ನಾಗಿ ಬಂದೀತೆಂದು ಹೇಳುವುದು ರೂಢಿ. ಊರಿಂದ ಊರಿಗೆ ಲೆಕ್ಕ ಮಾತ್ರ ಬೇರೆ. ಹಬ್ಬ ತೀರಿತೆಂದರೆ ಅದೇ ಹೆಗಲಿಗೆ ಅದೇ ನೊಗ. ಗೆದ್ದ ಎತ್ತಿಗೆ ಮೇವು ತುಸು ಹೆಚ್ಚು ಸಿಕ್ಕೀತೇ ಹೊರತು ಗಳೇವು ತಪ್ಪದು.

ಮೋಟಾರು ಗಾಡಿಗಳ ಲೋಕದಲ್ಲಿ ಈ ಏರ್ಪಾಡು ಇಷ್ಟು ಸರಳವಾಗಲಿಲ್ಲ. ಓಟದಲ್ಲಿ ಹೆಸರು ಮಾಡಿದ ಚಿಕ್ಕ ಕಾರು ಮನೆವಾರ್ತೆಗೆ ಇಳಿದಾಗ, ಅದರ ಚುರುಕು ಹೋಯಿತೆಂದು ತರುಣರು ಮುನಿಯುತ್ತಾರೆ. ಇಳಿಯದೆ ಹೋದರೆ ಕುಳಿತುಕೊಳ್ಳಲು ಬಾರದೆಂದು ಹಿರಿಯರು ಮುನಿಯುತ್ತಾರೆ. ಇಂಗ್ಲೆಂಡಿನ ‘ಮಿನಿ’ ಈ ಹಾದಿಯನ್ನು ತಿರುಗುಮುರುಗಾಗಿ ನಡೆಯಿತು. 1956ರ ಸುಯೆಜ್ ಬಿಕ್ಕಟ್ಟಿನಲ್ಲಿ ಪೆಟ್ರೋಲಿಗೆ ತುಟಾಗ್ರತೆ ಬಂದ ಮೇಲೆ, ಮಿತವ್ಯಯದ ಮನೆಗಾಡಿಯೆಂದು 1959ರಲ್ಲಿ ಹುಟ್ಟಿದ ಕಾರು ಅದು. ಜಾನ್ ಕೂಪರನ ಕೈಚಳಕದಿಂದ 1964, 1965 ಮತ್ತು 1967ರಲ್ಲಿ ಮಾಂಟೆ ಕಾರ್ಲೊ ರ್‍ಯಾಲಿಯನ್ನು ಗೆದ್ದಿತು. ಮನೆಯಿಂದ ಹೊರಟು ಓಟಕ್ಕೆ ಹೋದದ್ದು ಅದು. ಓಟದ ಕೀರ್ತಿ ಪಡೆದು ಆಮೇಲೆ ಮನೆಯ ಹೊಸ್ತಿಲು ಹುಡುಕಿಕೊಂಡು ಬಂದ ಕಾರೊಂದು ಕರ್ನಾಟಕದಲ್ಲಿಯೇ ತಯಾರಾಗುತ್ತಿತ್ತು. ಇಂದಿನ ಮಕ್ಕಳಿಗೆ ಅದರ ಹೆಸರೂ ಗೊತ್ತಿಲ್ಲ.

ಬೆಂಗಳೂರಿನ ಸಿಪಾನಿ ಆಟೊಮೊಬೈಲ್ಸ್ ಆ ಕಾರಿನ ತವರು. 1970ರ ದಶಕದಲ್ಲಿ ‘ಬಾದಲ್’ ಎಂಬ ಮೂರು ಗಾಲಿಯ ವಿಚಿತ್ರ ವಾಹನವನ್ನು ಮಾಡಿದ ಸಂಸ್ಥೆಯದು. 1982ರಲ್ಲಿ ಅಲ್ಲಿಂದ ಹೊರಬಂದ ‘ಡಾಲ್ಫಿನ್’ ನಿಜವಾದ ನಾಲ್ಕು ಗಾಲಿಯ ಕಾರು. ಅದರ ಮೂಲರೂಪ ಇಂಗ್ಲೆಂಡಿನ ರಿಲಯಂಟ್ ಕಂಪನಿಯ ‘ಕಿಟನ್’. ಆ ಕಂಪನಿಯ ವಂಶವೃಕ್ಷವೇ ತಮಾಷೆಯದು. ಒಂದು ಕೊಂಬೆಯಲ್ಲಿ ಬಡವರ ಮೂರು ಗಾಲಿಯ ಗಾಡಿಗಳು; ಇನ್ನೊಂದರಲ್ಲಿ ಇಂಗ್ಲೆಂಡಿನ ರಾಜಕುಮಾರಿ ಆ್ಯನ್ ಮೆಚ್ಚಿ ಇಟ್ಟುಕೊಂಡಿದ್ದ ‘ಸಿಮಿಟರ್’ ಎಂಬ ವೇಗದ ಕಾರು. ಎರಡಕ್ಕೂ ಮೈ ಮಾತ್ರ ಒಂದೇ ಬಗೆಯದು, ಗಾಜಿನ ನಾರನ್ನು ರಾಳದಲ್ಲಿ ಅದ್ದಿ ಅಚ್ಚು ಹಾಕಿದ ಫೈಬರ್. ಡಾಲ್ಫಿನ್‌ಗೆ ಬಂದ ಬಳುವಳಿಯೂ ಅದೇ.

ಫೈಬರಿನ ಮೈಗೆ ತುಕ್ಕು ಹಿಡಿಯುವುದಿಲ್ಲ. ಅದು ಹಗುರ. 848 ಸಿ.ಸಿ.ಯ ಎಂಜಿನ್ನನ್ನೂ ಅಲ್ಯೂಮಿನಿಯಮ್ಮಿನಲ್ಲಿ ಎರಕ ಹೊಯ್ದಿದ್ದರು; ಅದೂ ಹಗುರ. ಕಿಟನ್ನಿನ ತೂಕ ಆರು ನೂರು ಕಿಲೋದೊಳಗೆ, ಶಕ್ತಿ ಸುಮಾರು 40 ಅಶ್ವಬಲ. ಅಂದಿನ ಅಂಬಾಸಿಡರಿನ ತೂಕ ಸಾವಿರ ಕಿಲೋವನ್ನು ದಾಟಿತ್ತು. ಹತ್ತಿಯ ಚೀಲ ಹೇರಿದ ಚಕ್ಕಡಿಗೂ ಬರಿದಾದ ಚಕ್ಕಡಿಗೂ ಇರುವ ವ್ಯತ್ಯಾಸ ಕಂಡವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಕ್ತಿ ಎಷ್ಟೆಂಬುದಕ್ಕಿಂತ ಆ ಶಕ್ತಿ ಎಳೆಯಬೇಕಾದ ಭಾರ ಎಷ್ಟೆಂಬುದೇ ವೇಗದ ಗುಟ್ಟು. ಮದರಾಸಿನ ಬಳಿಯ ಶೋಲಾವರಮ್ಮಿನಲ್ಲಿ ಎರಡನೆಯ ಮಹಾಯುದ್ಧದ ಕಾಲದ ಹಳೆಯ ವಿಮಾನ ನೆಲೆಯಿತ್ತು. ದೇಶದ ಮೋಟಾರು ಓಟಗಾರರು ವರ್ಷ ವರ್ಷವೂ ಕೂಡುತ್ತಿದ್ದುದು ಅಲ್ಲಿ. ಓಟಕ್ಕೆಂದು ಹುಟ್ಟದ ಈ ಡಾಲ್ಫಿನ್ ಅಲ್ಲಿ ಓಟಗಾರರ ಕಣ್ಣಿಗೆ ಬಿತ್ತು. ಎಂಜಿನ್ನು ಮುಂದೆ, ನೂಕುವ ಗಾಲಿಗಳು ಹಿಂದೆ, ನಡುವೆ ಹೊರೆಯೆಂಬುದೇ ಇಲ್ಲ. ತರುಣರಿಗೆ ಇನ್ನೇನು ಬೇಕು? ಬೆಂಗಳೂರಿನ ಕಾರು ಗೆಲ್ಲುವ ಕಾರೆಂಬ ಮಾತು ಹಬ್ಬಿತು.

ಆ ಮಾತು ಅಣ್ಣಿಗೇರಿಗೂ ಬಂತು. ಅಲ್ಲಿಯ ಒಂದು ಅಡತಿ ಅಂಗಡಿಯ ಕಿರಿಯ ಮಾಲಕನಿಗೆ ಆಗ ಇಪ್ಪತ್ತೈದು ವರ್ಷ. ಮೈಸೂರಿನಲ್ಲಿ ತಯಾರಾದ ಯೆಜ್ಡಿ ಮೋಟಾರು ಸೈಕಲ್ಲಿನ ಮೇಲೆ ಹುಬ್ಬಳ್ಳಿಗೆ ಹೋಗಿ ಬರುವುದು ಆತನ ನಿತ್ಯದ ಸುಖ. ಗದಗಿನ ಹಾದಿ ಅಲ್ಲಿ ಗೆರೆ ಕೊರೆದ ಹಾಗೆ ನೇರ. ಎರಡು ಕಡೆಗೂ ಕಣ್ಣು ಸೋಲುವ ತನಕ ಕಡಲೆ, ಜೋಳ, ಕುಸುಬೆಯ ಹೊಲ. ಅಂಥ ದಾರಿಯಲ್ಲಿ ತರುಣನಾದವನು ನಿಧಾನ ಹೋಗಬೇಕೆಂದರೆ ಅದು ಅನ್ಯಾಯದ ಮಾತು. 1985ರ ಸುಮಾರಿಗೆ ಹುಬ್ಬಳ್ಳಿಯ ಗೆಳೆಯನೊಬ್ಬನ ಬಳಿ ಡಾಲ್ಫಿನ್ ಬಂದಾಗ, ಮಾಲಕನು ಅದನ್ನು ಒಂದು ದಿನದ ಮಟ್ಟಿಗೆ ಎರವಲು ಕೇಳಿದ. ನೆಪ ಬಲವಾಗಿಯೇ ಇತ್ತು. ಕಲಘಟಗಿಯ ಕಡೆಗೆ ಕೊಟ್ಟ ತಂಗಿಗೆ ಏಳು ತಿಂಗಳು ತುಂಬಿ ಕುಬಸದ ಕಾರ್ಯ ಮುಗಿದಿತ್ತು. ಚೊಚ್ಚಲ ಹೆರಿಗೆಗೆ ಆಕೆಯನ್ನು ತವರಿಗೆ ಕರೆತರಬೇಕು. ಬಸ್ಸಿನಲ್ಲಿ ಬೇಡ ಎಂಬುದು ಮನೆಯವರೆಲ್ಲರ ಮಾತು.

ಮುಂಜಾನೆ ಗಾಡಿ ಅಂಗಳಕ್ಕೆ ಬಂದಾಗ ತಾಯಿ ಹೊರಗೆ ಬಂದು, ಗಡಿಗೆ ಕೊಳ್ಳುವಾಗ ಬಾರಿಸಿ ನೋಡುವಂತೆ ಬೆರಳಿನಿಂದ ಅದರ ಮೈಯನ್ನು ಬಾರಿಸಿ ನೋಡಿದರು. ಕಬ್ಬಿಣದ ಸಪ್ಪಳ ಬರಲಿಲ್ಲ.

“ಇದೇನೋ ತಮ್ಮಾ, ಪ್ಲಾಸ್ಟಿಕ್ ಕೊಡ ಇದ್ಧಾಂಗ ಐತಲ್ಲೋ!”

“ಕೊಡ ಅಲ್ಲ ಯವ್ವಾ, ಫೈಬರ್. ತುಕ್ಕು ಹಿಡಿಯಂಗಿಲ್ಲ. ಏರು, ಹೊತ್ತಾತು.”

ಏರುವುದು ಹೇಗೆ ಎಂಬುದೇ ಪ್ರಶ್ನೆಯಾಯಿತು. ಡಾಲ್ಫಿನ್‌ಗೆ ಪಕ್ಕದಲ್ಲಿ ಎರಡೇ ಬಾಗಿಲು. ಹಿಂದಿನ ಸೀಟಿಗೆ ಹೋಗಬೇಕಾದವರು ಮುಂದಿನ ಸೀಟನ್ನು ಬಗ್ಗಿಸಿ, ತಲೆ ತಗ್ಗಿಸಿ, ಒಂದು ಕಾಲನ್ನು ಒಳಗಿಟ್ಟು ಇನ್ನೊಂದನ್ನು ಎಳೆದುಕೊಳ್ಳಬೇಕು.

“ಮುಂದಿನ ಸೀಟು ಮಡಚತೈತಿ ನೋಡು,” ಎಂದು ಮಗ ತೋರಿಸಿದ.

“ಸೀಟು ಮಡಚತೈತಿ ಖರೆ. ನನ್ನ ಮೊಣಕಾಲು ಮಡಚಬೇಕಲ್ಲೋ!”

ಹೋಗುವಾಗ ತಾಯಿ ಮುಂದೆಯೇ ಕುಳಿತರು. ಬರುವಾಗ ಆ ಸೀಟು ಬಸುರಿ ಮಗಳಿಗೆ ಬೇಕಾಯಿತು. ಏಳು ತಿಂಗಳ ಹೆಣ್ಣುಮಗಳನ್ನು ಸೀಟಿನ ಸಂದಿಯಲ್ಲಿ ತೂರಿಸುವುದುಂಟೆ? ಬೀಗರ ಮನೆಯ ಮಂದಿ ಅಂಗಳದಲ್ಲಿ ನಿಂತು ನೋಡುತ್ತಿರಲಾಗಿ, ಅರವತ್ತರ ಆ ತಾಯಿ ಎಂಟು ಗಜದ ಸೀರೆಯ ನಿರಿಗೆಯನ್ನು ಕೈಯಲ್ಲಿ ಹಿಡಿದು ಹಿಂದಕ್ಕೆ ಏರಿದರು. ಅಲ್ಲಿಂದ ಅಣ್ಣಿಗೇರಿ ಅರವತ್ತು ಕಿಲೋಮೀಟರಿನ ಮೇಲೆ. ಹುಬ್ಬಳ್ಳಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ತಾಯಿ ಕೆಳಗಿಳಿಯಲಿಲ್ಲ. ಇಳಿದರೆ ಮತ್ತೆ ಏರಬೇಕಲ್ಲ! ಕಪ್ಪು ಬಸಿಯನ್ನು ಕಿಟಕಿಯಿಂದಲೇ ಇಸಿದುಕೊಂಡರು. ಹೋಗುವಾಗ ಹಕ್ಕಿಯಂತೆ ಹಾರಿಸಿದ ಹಾದಿಯಲ್ಲಿ ಬರುವಾಗ ಮಗನು ಚಕ್ಕಡಿಯ ನಡೆಯಲ್ಲಿ ಗಾಡಿ ಬಿಟ್ಟ. ಪ್ರತಿಯೊಂದು ತಗ್ಗು ಬಂದಾಗಲೂ ತಂಗಿಯ ಮುಖ ನೋಡುವುದು, ಕನ್ನಡಿಯಲ್ಲಿ ತಾಯಿಯ ಮುಖ ನೋಡುವುದು. ಓಟದ ಕಾರಿನಲ್ಲಿ ಕುಳಿತು ಇಷ್ಟು ನಿಧಾನವಾಗಿ ಆತನು ಎಂದೂ ಬಂದಿರಲಿಲ್ಲ.

ರಾತ್ರಿ ಊಟದ ಹೊತ್ತಿಗೆ ತಾಯಿ ತಾವಾಗಿಯೇ ಮಾತು ತೆಗೆದರು. ಕೋಪವೇನೂ ಇರಲಿಲ್ಲ.

“ಕಾರು ಚಲೋ ಐತಿ ತಮ್ಮಾ. ಖರೆ ಅದು ಒಬ್ಬನ ಕಾರು.”

ಮಾಲಕನು ಡಾಲ್ಫಿನ್ನಿನ ಸುದ್ದಿಯನ್ನು ಮತ್ತೆ ಎತ್ತಲಿಲ್ಲ. ಮೂರು ತಿಂಗಳಿಗೆ ಕೂಸಿನ ನಾಮಕರಣಕ್ಕೆಂದು ಕಲಘಟಗಿಯಿಂದ ತೊಟ್ಟಿಲು ತರಿಸಬೇಕಾದಾಗ, ಅದು ಬಸ್ಸಿನ ಮೇಲೆ ಬಂತು.

ತಾಯಿಯ ತೀರ್ಪಿಗೆ ಮೊಣಕಾಲಿನ ನೋವಷ್ಟೇ ಕಾರಣವೆಂದರೆ ಪೂರ್ತಿ ನಿಜವಾಗದು. ಆ ಸೀಮೆಯ ನೆಲವೂ ಸಾಕ್ಷಿ ನುಡಿಯುತ್ತದೆ. ನವಲಗುಂದ, ಅಣ್ಣಿಗೇರಿಗಳ ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರೂ ಜೊತೆಗೇ ಏಳುತ್ತದೆ, ಇಳಿಯುತ್ತದೆ. ಎರಡು ಮಳೆಗಾಲ ಕಳೆಯುವುದರಲ್ಲಿ ನೇರ ರಸ್ತೆ ಅಲೆಅಲೆಯಾಗಿ, ಅಂಚುಗಳು ಸೀಳಿ ಬಿಡುತ್ತವೆ. ಬೆಣ್ಣೆಹಳ್ಳ ತುಂಬಿ ಬಂದ ದಿನಗಳಲ್ಲಿ ದಾರಿಯೇ ಕಾಣದು. ಹೊಲದ ಹಾದಿಗೆ ಇಳಿದರೆ ಮಣ್ಣು ಗಾಲಿಗೆ ಮೆತ್ತಿ ಗಾಲಿಯೇ ತಿರುಗದಂತೆ ಬಿಗಿದುಕೊಳ್ಳುತ್ತದೆ. ಓಟದ ಕಾರಿಗೆ ಬೇಕಾದದ್ದು ನೆಲಕ್ಕೆ ತಗ್ಗಿದ ಮೈ ಮತ್ತು ಬಿಗಿಯಾದ ಸ್ಪ್ರಿಂಗು. ಈ ರಸ್ತೆಗೆ ಬೇಕಾದದ್ದು ಎತ್ತರದ ಮೈ, ಮೆತ್ತನೆಯ ಸ್ಪ್ರಿಂಗು. ಕಲಘಟಗಿಯ ಕಡೆಗೆ ಹೋದರೆ ಮಣ್ಣು ಕೆಂಪಾಗಿ, ಭತ್ತದ ಗದ್ದೆ ಮಲೆನಾಡಿನ ಸೆರಗಿನ ಕಾಡು ಕಾಣಿಸಿ, ತಿರುವುಗಳು ಒಂದಿಷ್ಟು ಮುದ ಕೊಡುತ್ತವೆ. ಆದರೆ ಆ ಮುದಕ್ಕಾಗಿ ಮನೆಯ ಹಣವನ್ನು ಕೇಳುವುದು ಸುಲಭವಲ್ಲ.

ಅಷ್ಟರಲ್ಲಿ ದೇಶದ ಕಾರುಗಳ ಕಥೆಯೇ ಮಗ್ಗುಲು ಬದಲಿಸಿತ್ತು. 1983ರ ಡಿಸೆಂಬರ್ 14ರಂದು ಮಾರುತಿ 800ರ ಮೊದಲ ಬೀಗದ ಕೈಯನ್ನು ಪ್ರಧಾನಿ ಇಂದಿರಾ ಗಾಂಧಿ ಕೊಟ್ಟಿದ್ದರು. 796 ಸಿ.ಸಿ.ಯ ಎಂಜಿನ್ನು, ಉಕ್ಕಿನ ಮೈ, ಪಕ್ಕಕ್ಕೆ ನಾಲ್ಕು ಬಾಗಿಲು, ಹಿಂದೆ ಮೇಲಕ್ಕೆತ್ತುವ ಇನ್ನೊಂದು. ಬೆಲೆ ಸುಮಾರು ಐವತ್ತು ಸಾವಿರ ರೂಪಾಯಿ. ಶಕ್ತಿಯಲ್ಲಿ ಡಾಲ್ಫಿನ್ನಿಗೂ ಅದಕ್ಕೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಆದರೆ ಅದು ನಾಲ್ವರ ಕಾರು. ಹಣ ತುಂಬಿ ವರ್ಷಗಟ್ಟಲೆ ಕಾಯಲು ಜನ ಸಿದ್ಧರಾದರು. ಅಣ್ಣಿಗೇರಿಯ ಅಂಗಡಿಯವರೂ ಆ ಸಾಲಿನಲ್ಲಿ ನಿಂತರು.

ಬೆಂಗಳೂರಿನವರು ಸುಮ್ಮನೆ ಕೂರಲಿಲ್ಲ. 1987ರ ಸುಮಾರಿಗೆ ಡಾಲ್ಫಿನ್ನಿಗೆ ಇನ್ನೆರಡು ಬಾಗಿಲು ಕೂಡಿಸಿ, ಮೂತಿಯನ್ನು ತಿದ್ದಿ, ‘ಮೊಂಟಾನಾ’ ಎಂಬ ಹೊಸ ಹೆಸರಿಟ್ಟರು. ಎಂಜಿನ್ನು ಅದೇ, ಫೈಬರೂ ಅದೇ. ಆದರೆ ಬಾಗಿಲೆಂದರೆ ಬರೀ ಬಾಗಿಲಲ್ಲ. ಅದಕ್ಕೊಂದು ತಿರುಗಣಿ, ಬೀಗ, ಗಾಜು, ಗಾಜನ್ನು ಏರಿಸಿ ಇಳಿಸುವ ಯಂತ್ರ. ಅಚ್ಚು ಹಾಕಿದ ಮೈಯಲ್ಲಿ ದೊಡ್ಡ ಕಂಡಿ ಕೊರೆದಷ್ಟೂ ಆ ಮೈಯ ಬಿಗಿ ಸಡಿಲುತ್ತದೆ. ಅದನ್ನು ಸರಿಪಡಿಸಲು ಮತ್ತೆ ಒಳಗಿನಿಂದ ಬಲ ಕೊಡಬೇಕು. ಹೀಗೆ ಒಂದೊಂದಾಗಿ ಭಾರ ಏರುತ್ತದೆ, ಶಕ್ತಿ ಇದ್ದಷ್ಟೇ ಇರುತ್ತದೆ. ಓಟಗಾರರು ಪ್ರೀತಿಸಿದ್ದ ಹಗುರತನಕ್ಕೆ ಮೊದಲ ಪೆಟ್ಟು ಬಿದ್ದದ್ದು ಹಿಂದಿನ ಬಾಗಿಲಿನಿಂದ. ಹೋಗಲಿ, ಮನೆಮಂದಿಯಾದರೂ ಒಲಿದರೇ? ಅವರ ಮನೆಯ ಮುಂದೆ ಅದಾಗಲೇ ಮಾರುತಿ ನಿಂತಿತ್ತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದವರನ್ನು ಕಂಡು ನಾಡು ನಗುತ್ತದೆ. ಕೂಸು ಶಾಲೆಗೆ ಹೊರಟ ಮೇಲೆ ತೊಟ್ಟಿಲು ತಂದವರನ್ನು ಕಂಡು ಮರುಕವೇ ಹುಟ್ಟಬೇಕು. ಮೊಂಟಾನಾದ ಗತಿ ಅದಾಯಿತು. ಡೀಸೆಲ್ ಎಂಜಿನ್ ಕೂಡಿಸಿಯೂ ನೋಡಿದರು. 1990ರ ದಶಕದ ನಡುವಿನಲ್ಲಿ ಕಾರ್ಖಾನೆಯ ಕಾರುಗಳ ಕಥೆ ಮುಗಿಯಿತು. ಕರ್ನಾಟಕಕ್ಕೆ ತನ್ನದೆಂದು ಹೇಳಿಕೊಳ್ಳುವ ಒಂದು ಕಾರಿತ್ತು, ಅದು ಹೋಯಿತು. ನಾಲ್ಕು ಬಾಗಿಲು 1982ರಲ್ಲಿಯೇ ಇದ್ದಿದ್ದರೆ ಏನಾಗುತ್ತಿತ್ತೋ ಎಂಬ ಯೋಚನೆ ಬಾರದೆ ಇರದು. ದೊಡ್ಡ ಸರಕಾರಿ ಬೆಂಬಲವಿದ್ದ ಕಾರಿನ ಎದುರು ಬಹಳವೇನೂ ಆಗುತ್ತಿರಲಿಲ್ಲ ಎಂಬುದೇ ಬಹುಶಃ ಸರಿ.

ಗೆದ್ದವರೂ ಇದೇ ಹಾದಿ ಹಿಡಿಯಬೇಕಾಯಿತು ಎಂಬುದು ಸೋಜಿಗ. ಮಾರುತಿಯ ‘ಝೆನ್’ 1993ರಲ್ಲಿ ಬಂದಾಗ, ತಗ್ಗಾದ ಮೈ, ಚುರುಕಾದ ಎಂಜಿನ್ನು, ಹೇಳಿದಂತೆ ಕೇಳುವ ಸ್ಟಿಯರಿಂಗು ಇವುಗಳಿಂದ ಓಡಿಸುವವರ ಕಣ್ಮಣಿಯಾಯಿತು. 2003ರಲ್ಲಿ ಎರಡೇ ಬಾಗಿಲಿನ ಝೆನ್ ಕೆಲವನ್ನು ಶೋಕಿಗೆಂದೇ ಮಾಡಿದರು. ಕೊಂಡವರು ಬೆರಳೆಣಿಕೆಯ ರಸಿಕರು. 2006ರಲ್ಲಿ ‘ಝೆನ್ ಎಸ್ಟಿಲೊ’ ಬಂದಾಗ ಆ ಹೆಸರೊಂದೇ ಉಳಿದಿತ್ತು. ನೆಟ್ಟಗೆ ಕೂರುವ ಸೀಟು, ಎತ್ತರದ ಚಾವಣಿ, ಪೇಟ ಸುತ್ತಿದ ಯಜಮಾನರೂ ತಲೆ ಬಗ್ಗಿಸದೆ ಒಳಗೆ ಹೋಗಬಹುದಾದ ಬಾಗಿಲು. ಹಳೆಯ ಝೆನ್ ಓಡಿಸಿದವರು ಅದನ್ನು ಕಂಡು ಮೂಗು ಮುರಿದರು. ಅವರ ಸಂಕಟ ಸುಳ್ಳಲ್ಲ. ಮೂವತ್ತು ವರ್ಷದ ಗುಮಾಸ್ತನೊಬ್ಬ ದಿನವಿಡೀ ಮತ್ತೊಬ್ಬರ ಮಾತು ಕೇಳಿ, ಸಂಜೆ ಮನೆಯ ಹಾದಿಯಲ್ಲಿ ತನ್ನ ಮಾತು ಕೇಳುವ ಒಂದು ಯಂತ್ರವನ್ನು ಹಿಡಿದು ಒಂದು ತಿರುವನ್ನು ಚೆಂದವಾಗಿ ತಿರುಗಿಸಿದರೆ, ಅದು ಸಣ್ಣ ಸುಖವೇನಲ್ಲ. ಆ ಸುಖವನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆಯಲು ಕಲಮು ಇಲ್ಲ, ಅಷ್ಟೆ. ಮೈಲೇಜಿಗೆ ಕಲಮು ಇದೆ, ರಿಪೇರಿಗೆ ಇದೆ, ಮೊಣಕಾಲಿಗೂ ಇದೆ.

2005ರಲ್ಲಿ ‘ಸ್ವಿಫ್ಟ್’ ಬಂದಿತು. ಹೊರದೇಶಗಳಲ್ಲಿ ಸುಜುಕಿಯವರು ಈ ಹೆಸರಿನ ಕಾರನ್ನು ರ್‍ಯಾಲಿಯ ಹಾದಿಗೆ ಇಳಿಸಿ ಗೆದ್ದದ್ದುಂಟು. ‘ಸ್ವಿಫ್ಟ್ ಸ್ಪೋರ್ಟ್’ ಎಂಬ ಬಲವಾದ ತಮ್ಮನೂ ಅಲ್ಲಿ ಇದ್ದ. ಆತನನ್ನು ಭಾರತಕ್ಕೆ ಮಾತ್ರ ಕಳಿಸಲಿಲ್ಲ. ಅಣ್ಣಿಗೇರಿಯ ಮನೆಯಲ್ಲಿ ಆ ಹೊತ್ತಿಗೆ ತಾಯಿ ಇರಲಿಲ್ಲ. ಅಂದಿನ ಕಿರಿಯ ಮಾಲಕ ಹಿರಿಯ ಯಜಮಾನನಾಗಿದ್ದ, ಮಗನೊಬ್ಬ ಮೀಸೆ ಚಿಗುರಿಸಿಕೊಂಡು ಎದ್ದಿದ್ದ. ಹಳೆಯ ಮಾರುತಿ 800ನ್ನು ಕೊಟ್ಟು ಸ್ವಿಫ್ಟ್ ತಂದರು. ಹುಡುಗನ ಸಂತೋಷವನ್ನು ಕೇಳಬೇಕೆ? ಹುಬ್ಬಳ್ಳಿಯ ಆ ನೇರ ಹಾದಿಗೆ ಇನ್ನೊಬ್ಬ ಭಕ್ತನು ಸಿಕ್ಕ. ಯಜಮಾನರು ಬೈಯಲೂ ಇಲ್ಲ, ಹೊಗಳಲೂ ಇಲ್ಲ. ತಾವು ಯೆಜ್ಡಿಯ ಮೇಲೆ ಹಾರಿದ್ದನ್ನು ಕಂಡವರು ಊರಲ್ಲಿ ಇನ್ನೂ ಬದುಕಿದ್ದರು.

ಅದೇ ಸ್ವಿಫ್ಟಿನ ನಾಲ್ಕನೆಯ ಪೀಳಿಗೆ 2024ರ ಮೇ ತಿಂಗಳಲ್ಲಿ ಬಂದಿತು. ನಾಲ್ಕು ಸಿಲಿಂಡರು ಹೋಗಿ ಮೂರಾದವು. ಸುಮಾರು 90 ಅಶ್ವಬಲವಿದ್ದದ್ದು 82ರ ಸುಮಾರಿಗೆ ಇಳಿಯಿತು. ಪ್ರತಿಯಾಗಿ ಲೀಟರಿಗೆ ಇಪ್ಪತ್ತೈದು ಕಿಲೋಮೀಟರಿನ ಮಾತು, ಎಲ್ಲ ಮಾದರಿಗಳಿಗೂ ಆರು ಏರ್‌ಬ್ಯಾಗು. ಓಟದ ಮನೆತನದ ಕುಡಿ ಸಂಸಾರಸ್ಥನಾದ ಲಕ್ಷಣ ಇದೇ. ಮಗನಿಗೆ ಆಗ ನಾಲ್ವತ್ತರ ಸಮೀಪ. ಆದರೂ ಆತನು ಒಪ್ಪಲಿಲ್ಲ.

“ಅಪ್ಪಾ, ಮೂರ ಸಿಲಿಂಡರ್ ಐತಿ. ಹಿಂದಿಂದಕ್ಕ ಇದ್ದ ಆ ದನಿ, ಆ ಜಗ್ಗು ಇದಕ್ಕ ಎಲ್ಲಿ ಬರಬೇಕು?”

“ದನಿ ಬೇಕಂದ್ರ ಕುಂದಗೋಳಕ್ಕ ಹೋಗೂಣು, ಸವಾಯಿ ಗಂಧರ್ವರ ಪುಣ್ಯತಿಥಿ ಸಂಗೀತಕ್ಕ. ಕಾರಿಗ್ಯಾಕೋ ದನಿ?” ಎಂದು ಯಜಮಾನರು ನಕ್ಕರು. ಆದರೂ ಬೆಲೆ ಕಟ್ಟುವ ದಿನ ಹುಬ್ಬಳ್ಳಿಯ ಅಂಗಡಿಯಲ್ಲಿ ಅವರು ಮೊದಲು ತೆರೆದು ನೋಡಿದ್ದು ಹಿಂದಿನ ಬಾಗಿಲು. ತಾವೇ ಒಳಗೆ ಕುಳಿತರು, ಇಳಿದರು, ಇನ್ನೊಂದು ಸಲ ಕುಳಿತರು. ಅಂಗಡಿಯ ಹುಡುಗ ಎಂಜಿನ್ನಿನ ಗುಣ ಹೇಳುತ್ತಲೇ ಇದ್ದ. ಅರವತ್ತನಾಲ್ಕರ ಮೊಣಕಾಲು ಮಾತನಾಡುವಾಗ ಆ ಹುಡುಗನ ಮಾತು ಕೇಳಿಸೀತು ಹೇಗೆ?

ವರ್ಷ ತುಂಬುವುದರೊಳಗೆ ಮಗಳು ಬಾಣಂತನಕ್ಕೆ ಬಂದಳು. ನಾಮಕರಣಕ್ಕೆ ತೊಟ್ಟಿಲು ಬೇಕಾಯಿತು. ಕಲಘಟಗಿಯ ಚಿತ್ರಗಾರರ ಮನೆಗಳಲ್ಲಿ ಸಾಗವಾನಿಯ ತೊಟ್ಟಿಲಿಗೆ ಅರಗಿನ ಬಣ್ಣ ಹಚ್ಚಿ, ಮಗ್ಗುಲಿಗೆಲ್ಲ ಬಾಲಕೃಷ್ಣನ ಲೀಲೆಯನ್ನೋ ರಾಮಾಯಣವನ್ನೋ ಬರೆಯುತ್ತಾರೆ. ಕೆಡದಂತೆ ಕಾಯ್ದರೆ ಅದು ಮೊಮ್ಮಕ್ಕಳ ಕಾಲಕ್ಕೂ ಬಣ್ಣ ಬಿಡದು. ಮೊದಲೇ ಹೇಳಿ ಮಾಡಿಸಿದ ತೊಟ್ಟಿಲನ್ನು ತರಲು ಯಜಮಾನರು, ಅವರ ಪತ್ನಿ ಮತ್ತು ಮಗ ಹೊಸ ಕಾರಿನಲ್ಲಿ ಹೋದರು. ಬಿಚ್ಚಿದ ಹಲಗೆಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ ಹಿಂಬಾಗಿಲಿನಿಂದ ಒಳಗಿಟ್ಟರು. ಉದ್ದನೆಯದೊಂದು ಹಲಗೆ ಹಿಡಿಯಲಿಲ್ಲ. ಹಿಂದಿನ ಸೀಟಿನ ಒಂದು ಭಾಗವನ್ನು ಮಡಚಿದಾಗ ಅದು ಗೆರೆ ಎಳೆದಂತೆ ಕೂತಿತು. ಅಷ್ಟರಲ್ಲಿ ಕಲಘಟಗಿಯಲ್ಲಿಯೇ ಇದ್ದ ಪತ್ನಿಯ ಅಕ್ಕನವರು, ನಾಮಕರಣಕ್ಕೆ ನಾಲ್ಕು ದಿನ ಮೊದಲೇ ಬರುತ್ತೇನೆಂದು ಗಂಟು ಕಟ್ಟಿಕೊಂಡು ನಿಂತಿದ್ದರು. ಓಡಿಸಲು ಯಜಮಾನರು ಕುಳಿತರು. ಮೊಣಕಾಲು ಬಾರದ ಅಕ್ಕನವರು ಮುಂದೆ, ಪತ್ನಿ ಹಿಂದೆ, ಅವರ ಮಗ್ಗುಲಿಗೆ ತೊಟ್ಟಿಲು. ಮೂರು ಸಿಲಿಂಡರಿನ ತಕರಾರು ತೆಗೆದವನು ಅಂದು ಹುಬ್ಬಳ್ಳಿಯ ತನಕ ಬಸ್ಸಿನಲ್ಲಿ ಬಂದ.